ಅಂಕೀಯ ಮಾಪಕದ ಆಜ್ಞಾಸೂತ್ರಗಳು

ಲಿಖಿತ ಸಾಕ್ಷ್ಯವೊಂದರ ಪ್ರಾಮಾಣ್ಯವನ್ನು ನಿರ್ಣಯಿಸುವಾಗ ಮೂರು ಸಂಗತಿಗಳನ್ನು ವಿಚಾರಿಸುವುದು ವಿದ್ವಾಂಸರ ವಾಡಿಕೆ: ಅದು ಯಾರಿಂದ ಬಂದುದು, ಯಾವ ಮಾರ್ಗವಾಗಿ ಬಂದುದು, ಯಾವ ಸಂದರ್ಭದಲ್ಲಿ ಹೇಳಿದುದು. ಪ್ರಯೋಗಶಾಲೆಯ ದಾಖಲೆಪುಸ್ತಕದಲ್ಲಿ ಕಾಣುವ ಒಂದು ಸಂಖ್ಯೆಯ ವಿಷಯದಲ್ಲಿ ಈ ವಿಚಾರಣೆ ಸಾಮಾನ್ಯವಾಗಿ ನಡೆಯುವುದಿಲ್ಲ. ಯಂತ್ರವು ಅಳೆದು ತಾನೇ ಬರೆದುಕೊಟ್ಟ ಅಂಕಿಯಲ್ಲಿ ಮನುಷ್ಯನ ಕೈ ಸೇರಿಲ್ಲವಾದ್ದರಿಂದ ಅದು ಪ್ರಶ್ನಾತೀತವೆಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆ ಪೂರ್ಣವಾಗಿ ಸರಿಯಲ್ಲ. ಗಣಕಯಂತ್ರದ ಮೂಲಕ ನಡೆಸುವ ಅಂಕೀಯ ಮಾಪಕವು ತನಗೆ ಬಂದ ಆಜ್ಞೆಗೆ ತಕ್ಕ ಉತ್ತರವನ್ನು ಮಾತ್ರ ಕೊಡುತ್ತದೆ. ಆಜ್ಞೆಗಳ ಕ್ರಮ ಬದಲಾದರೆ, ಅದೇ ತಂತಿ, ಅದೇ ಯಂತ್ರ, ಅದೇ ವಸ್ತುವಿನಿಂದ ಬೇರೊಂದು ಸಂಖ್ಯೆ ಬರಬಹುದು. ಎರಡೂ ಸಂಖ್ಯೆಗಳು ನೋಟಕ್ಕೆ ಸಮಾನವಾಗಿ ನಿರ್ದುಷ್ಟವಾಗಿರಬಹುದು. ಆದುದರಿಂದ ಆ ಆಜ್ಞೆಗಳು ಯಾವ ರೂಪದಲ್ಲಿವೆ, ಹೇಗೆ ಸಾಗುತ್ತವೆ, ಅವುಗಳ ವ್ಯಾಕರಣವೇನು ಎಂಬುದನ್ನು ತಿಳಿಯುವುದು, ಯಂತ್ರವನ್ನು ನಡೆಸುವವರಿಗೆ ಮಾತ್ರವಲ್ಲದೆ ಅದರ ಫಲಿತಾಂಶವನ್ನು ಓದುವವರಿಗೂ ಅವಶ್ಯಕವಾಗಿದೆ.

ವಿಷಯವನ್ನು ಸ್ಪಷ್ಟಪಡಿಸಲು ಇಲ್ಲಿ ಒಂದೇ ಉಪಕರಣವನ್ನು ಆರಿಸಿಕೊಳ್ಳಲಾಗಿದೆ. ಅದು ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ೧೯೯೦ರ ದಶಕದ ಆರಂಭದಲ್ಲಿ ಹೊರತಂದ ‘೩೪೪೦೧ಎ’ ಎಂಬ ಮಲ್ಟಿಮೀಟರು. ವಿದ್ಯುತ್ತಿನ ಒತ್ತಡ (ವೋಲ್ಟೇಜು), ಪ್ರವಾಹ, ರೋಧ, ಆವರ್ತನಗಳನ್ನು ಆರೂವರೆ ಅಂಕೆಗಳವರೆಗೆ ಅಳೆಯಬಲ್ಲ ಈ ಉಪಕರಣ ಜಗತ್ತಿನ ಅನೇಕ ಪ್ರಯೋಗಶಾಲೆಗಳಲ್ಲಿ ಬಳಕೆಗೆ ಬಂದಿತು. ಆ ಸಂಸ್ಥೆಯ ಮಾಪನವಿಭಾಗವು ೧೯೯೯ರಲ್ಲಿ ಆಜಿಲೆಂಟ್ ಎಂಬ ಹೆಸರಿನಲ್ಲೂ ೨೦೧೪ರಲ್ಲಿ ಕೀಸೈಟ್ ಎಂಬ ಹೆಸರಿನಲ್ಲೂ ಪ್ರತ್ಯೇಕ ಸಂಸ್ಥೆಯಾಗಿ ಮುಂದುವರಿಯಿತು. ಆಜ್ಞೆಗಳು ಮೂಲದಲ್ಲಿ ರೋಮನ್ ಲಿಪಿಯಲ್ಲಿವೆ. ಇಲ್ಲಿ ಅವುಗಳನ್ನು ಓದುವ ರೀತಿಗೆ ಅನುಸಾರವಾಗಿ ಕನ್ನಡ ಅಕ್ಷರಗಳಲ್ಲಿ ಕೊಡಲಾಗಿದೆ.

೧. ವರ್ಣಗಳು ಸಾಗುವ ಬಗೆ

ಗಣಕಯಂತ್ರಕ್ಕೂ ಮಾಪಕಕ್ಕೂ ನಡುವೆ ಸಂಭಾಷಣೆ ನಡೆಯುವುದು ಅಕ್ಷರಗಳ ಮೂಲಕ. ಆದರೆ ತಂತಿಗೆ ಅಕ್ಷರವೆಂಬುದು ತಿಳಿಯದು. ಅದಕ್ಕೆ ಗೊತ್ತಿರುವುದು ವಿದ್ಯುತ್ತಿನ ಒತ್ತಡದ ಎರಡು ಸ್ಥಿತಿಗಳು ಮಾತ್ರ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ, ಆ ಸಂಖ್ಯೆಯನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಕಳುಹಿಸುವ ಪದ್ಧತಿ ಬಂದಿತು. ಈ ಸೊನ್ನೆ ಅಥವಾ ಒಂದಕ್ಕೆ ‘ಬಿಟ್’ ಎಂದು ಹೆಸರು. ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆಸ್ಕಿ’ ಎಂಬ ಸಂಕೇತಪಟ್ಟಿಯು ಏಳು ಬಿಟ್‌ಗಳಲ್ಲಿ ರೋಮನ್ ಅಕ್ಷರ, ಅಂಕೆ ಮತ್ತು ವಿರಾಮಚಿಹ್ನೆಗಳನ್ನು ಗುರುತಿಸುತ್ತದೆ. ಅದರಲ್ಲಿ ರೋಮನ್ ದೊಡ್ಡಕ್ಷರ ‘ಎ’ಗೆ ೬೫ ಎಂಬ ಸಂಖ್ಯೆ, ಬಿಟ್‌ಗಳಲ್ಲಿ ಬರೆದರೆ ೧೦೦೦೦೦೧.

ಒಂದೇ ತಂತಿಯ ಮೇಲೆ ಒಂದು ಬಿಟ್ಟಿನ ಹಿಂದೆ ಮತ್ತೊಂದು ಬಿಟ್ಟನ್ನು ಕಳುಹಿಸುವುದಕ್ಕೆ ಸರಣಿಸಂವಹನವೆಂದು ಹೆಸರು. ಇದಕ್ಕಾಗಿ ಬಹುಕಾಲದಿಂದ ಬಳಕೆಯಲ್ಲಿರುವ ನಿಯಮಾವಳಿಯೇ ‘ಆರ್‌ಎಸ್-೨೩೨’. ಇದು ಮೊದಲು ೧೯೬೦ರಲ್ಲಿ ಪ್ರಕಟವಾಯಿತು. ಹೆಚ್ಚು ಪ್ರಚಾರಕ್ಕೆ ಬಂದ ಅದರ ‘ಸಿ’ ಆವೃತ್ತಿಯು ೧೯೬೯ರದು. ಇದರ ಪ್ರಕಾರ ಸ್ವೀಕರಿಸುವ ತುದಿಯಲ್ಲಿ ಋಣ ೩ ವೋಲ್ಟಿನಿಂದ ಋಣ ೧೫ ವೋಲ್ಟಿನವರೆಗಿನ ಒತ್ತಡ ‘ಒಂದು’ ಎನಿಸುತ್ತದೆ. ಧನ ೩ರಿಂದ ಧನ ೧೫ರವರೆಗಿನದು ‘ಸೊನ್ನೆ’ ಎನಿಸುತ್ತದೆ. ಇವೆರಡರ ನಡುವಿನ ಪ್ರದೇಶಕ್ಕೆ ನಿಶ್ಚಿತಾರ್ಥವಿಲ್ಲ. ತಂತಿ ಮೌನವಾಗಿರುವಾಗ ಅದು ‘ಒಂದು’ ಎಂಬ ಸ್ಥಿತಿಯಲ್ಲೇ ಇರುತ್ತದೆ.

ಮೌನ ಮುಗಿದು ಅಕ್ಷರ ಆರಂಭವಾಯಿತೆಂಬುದನ್ನು ತಿಳಿಸಲು ಮೊದಲಿಗೆ ಒಂದು ‘ಸೊನ್ನೆ’ ಬರುತ್ತದೆ, ಇದು ಆರಂಭಬಿಟ್. ಅನಂತರ ಅಕ್ಷರದ ಬಿಟ್‌ಗಳು ಕೊನೆಯ ಸ್ಥಾನದಿಂದ ಮೊದಲ ಸ್ಥಾನದ ಕಡೆಗೆ ಸಾಗುತ್ತವೆ. ಬಳಿಕ ‘ಪ್ಯಾರಿಟಿ’ ಎಂಬ ಪರೀಕ್ಷಾಬಿಟ್, ಕಡೆಯಲ್ಲಿ ‘ಒಂದು’ ಸ್ಥಿತಿಯ ಅಂತ್ಯಬಿಟ್ ಅಥವಾ ಬಿಟ್‌ಗಳು. ೩೪೪೦೧ಎ ಉಪಕರಣ ಕಾರ್ಖಾನೆಯಿಂದ ಬರುವಾಗ ಏಳು ಅಕ್ಷರಬಿಟ್, ಸಮಸಂಖ್ಯೆಯ ಪ್ಯಾರಿಟಿ, ಎರಡು ಅಂತ್ಯಬಿಟ್ ಮತ್ತು ಸೆಕೆಂಡಿಗೆ ೯೬೦೦ ಬಿಟ್‌ಗಳ ವೇಗಕ್ಕೆ ಅಳವಡಿಸಲ್ಪಟ್ಟಿರುತ್ತದೆ. ಹೀಗೆ ಒಂದು ಅಕ್ಷರಕ್ಕೆ ಒಟ್ಟು ೧೧ ಬಿಟ್‌ಗಳು ಬೇಕು; ಸೆಕೆಂಡಿಗೆ ಸುಮಾರು ೮೭೨ ಅಕ್ಷರಗಳು ಸಾಗಬಲ್ಲವು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಈ ಕಟ್ಟುಪಾಡುಗಳಲ್ಲಿ ಒಂದನ್ನೂ ತಂತಿ ತಾನಾಗಿ ಸಾರುವುದಿಲ್ಲ. ಎರಡು ತುದಿಗಳೂ ಮೊದಲೇ ಒಪ್ಪಿಕೊಂಡಿರಬೇಕು. ಆರಂಭಬಿಟ್ಟನ್ನು ಕಂಡ ಕ್ಷಣದಿಂದ ಸ್ವೀಕರಿಸುವ ಯಂತ್ರ ತನ್ನ ಗಡಿಯಾರದಂತೆ ಎಣಿಸುತ್ತ ಪ್ರತಿ ಬಿಟ್ಟಿನ ನಡುಭಾಗದಲ್ಲಿ ಒತ್ತಡವನ್ನು ನೋಡುತ್ತದೆ. ಎರಡು ಗಡಿಯಾರಗಳ ವ್ಯತ್ಯಾಸ ಒಂದು ಅಕ್ಷರ ಮುಗಿಯುವಷ್ಟರಲ್ಲಿ ಅರ್ಧ ಬಿಟ್ಟಿನ ಕಾಲವನ್ನು ಮೀರಿದರೆ ನೋಟ ಪಕ್ಕದ ಬಿಟ್ಟಿನ ಮೇಲೆ ಬಿದ್ದು ಓದು ಕೆಡುತ್ತದೆ. ಒಂದು ತುದಿ ೯೬೦೦ರ ವೇಗದಲ್ಲೂ ಮತ್ತೊಂದು ೪೮೦೦ರ ವೇಗದಲ್ಲೂ ಇದ್ದರೆ ಬರುವುದು ಅರ್ಥಹೀನವಾದ ಅಕ್ಷರರಾಶಿ. ಲಿಪಿಯನ್ನು ಬಲ್ಲವನೂ ಪದಚ್ಛೇದವನ್ನು ತಪ್ಪಾಗಿ ಮಾಡಿದರೆ ಪಾಠ ಕೆಡುವಂತೆಯೇ ಇದು.

೨. ಪಾಠದೋಷವೂ ಅದರ ಪರೀಕ್ಷೆಯೂ

ತಂತಿಯ ಮೇಲೆ ಹೊರಗಿನ ವಿದ್ಯುತ್ ಕ್ಷೋಭೆಯಿಂದ ಒಂದು ಬಿಟ್ ತಿರುಗಿ ಓದಿಕೊಳ್ಳುವುದು ಅಸಂಭವವಲ್ಲ. ಅದನ್ನು ಕಂಡುಹಿಡಿಯಲೆಂದೇ ಪ್ಯಾರಿಟಿ ಬಿಟ್ ಇದೆ. ಸಮಪದ್ಧತಿಯಲ್ಲಿ, ಅಕ್ಷರಬಿಟ್ ಮತ್ತು ಪ್ಯಾರಿಟಿ ಬಿಟ್ ಸೇರಿ ಇರುವ ‘ಒಂದು’ಗಳ ಸಂಖ್ಯೆ ಯಾವಾಗಲೂ ಸಮವಾಗಿರಬೇಕು. ‘ಎ’ ಅಕ್ಷರದಲ್ಲಿ ಎರಡು ‘ಒಂದು’ಗಳಿವೆ, ಆದ್ದರಿಂದ ಅದರ ಪ್ಯಾರಿಟಿ ಸೊನ್ನೆ. ‘ಸಿ’ ಅಕ್ಷರ ೧೦೦೦೦೧೧. ಅದರಲ್ಲಿ ಮೂರು ‘ಒಂದು’ಗಳಿರುವುದರಿಂದ ಪ್ಯಾರಿಟಿ ಒಂದು. ಒಂದೇ ಬಿಟ್ ತಿರುಗಿದರೆ ಸಮತ್ವ ಕೆಟ್ಟು ದೋಷ ತಿಳಿದುಬರುತ್ತದೆ.

ಗ್ರಂಥದ ಕಡೆಯಲ್ಲಿ ಶ್ಲೋಕಸಂಖ್ಯೆಯನ್ನು ಬರೆದಿಡುವ ಲಿಪಿಕಾರರ ಪದ್ಧತಿಗೆ ಇದು ಸಮೀಪವಾದುದು: ಎಣಿಕೆ ತಪ್ಪಿದರೆ ಲೋಪವಿದೆಯೆಂದು ತಿಳಿಯುತ್ತದೆ. ಆದರೆ ಎಣಿಕೆ ಸರಿಹೋದ ಮಾತ್ರಕ್ಕೆ ಪಾಠ ಶುದ್ಧವೆಂದು ಸಿದ್ಧವಾಗುವುದಿಲ್ಲ. ಆಸ್ಕಿಯಲ್ಲಿ ‘೧’ ಎಂಬ ಅಂಕೆಯ ರೂಪ ೦೧೧೦೦೦೧. ‘೨’ ಎಂಬುದರ ರೂಪ ೦೧೧೦೦೧೦. ಎರಡರಲ್ಲೂ ‘ಒಂದು’ಗಳು ಮೂರೇ. ಕೊನೆಯ ಎರಡು ಬಿಟ್‌ಗಳು ಒಟ್ಟಿಗೆ ತಿರುಗಿದರೆ ಒಂದು ಎರಡಾಗುತ್ತದೆ, ಪ್ಯಾರಿಟಿ ಮಾತ್ರ ಸರಿಯಾಗಿಯೇ ಉಳಿಯುತ್ತದೆ. ಆಜ್ಞೆಯ ಪದದಲ್ಲಿ ಇಂಥ ದೋಷ ಬಂದರೆ ಆ ಪದ ನಿಘಂಟಿನಲ್ಲಿಲ್ಲವೆಂದು ಯಂತ್ರ ತಿರಸ್ಕರಿಸಬಹುದು. ಉತ್ತರದ ಅಂಕೆಯಲ್ಲಿ ಬಂದರೆ ತಿರಸ್ಕರಿಸಲು ಆಧಾರವೇ ಇಲ್ಲ, ಏಕೆಂದರೆ ಯಾವ ಅಂಕೆಯಾದರೂ ಸಾಧುವೇ. ಆದುದರಿಂದ ಮುಖ್ಯವಾದ ಮಾಪನವನ್ನು ಪುನಃ ಪುನಃ ತೆಗೆದುಕೊಂಡು ಹೋಲಿಸುವುದು ಉಚಿತ. ಹಲವು ಪ್ರತಿಗಳನ್ನು ಕೂಡಿಸಿ ಪಾಠವನ್ನು ನಿರ್ಣಯಿಸುವುದಕ್ಕೆ ಇರುವ ಕಾರಣವೇ ಇದಕ್ಕೂ ಇದೆ.

ಮತ್ತೊಂದು ಬಗೆಯ ಲೋಪ ವೇಗದಿಂದ ಉಂಟಾಗುತ್ತದೆ. ಮಾಪಕ ಹಿಂದಿನ ಆಜ್ಞೆಯನ್ನು ಪೂರೈಸುವ ಮೊದಲೇ ಗಣಕಯಂತ್ರ ಮುಂದಿನವನ್ನು ಕಳುಹಿಸುತ್ತ ಹೋದರೆ ಅಕ್ಷರಗಳು ಕಳೆದುಹೋಗಬಹುದು. ಇದನ್ನು ತಪ್ಪಿಸಲು ೩೪೪೦೧ಎ ಪ್ರತ್ಯೇಕ ತಂತಿಗಳ ಮೂಲಕ ‘ತಡೆ’ ಮತ್ತು ‘ಕಳುಹಿಸು’ ಎಂಬ ಸೂಚನೆ ಕೊಡುತ್ತದೆ. ಕಳುಹಿಸುವುದಕ್ಕೊಂದು, ಪಡೆಯುವುದಕ್ಕೊಂದು, ಸಮಾನ ನೆಲೆಗೊಂದು ಎಂದು ಮೂರೇ ತಂತಿಗಳ ಜೋಡಣೆಯನ್ನು ಬಳಸಿದರೆ ಈ ಸೂಚನೆ ಗಣಕಯಂತ್ರಕ್ಕೆ ಮುಟ್ಟುವುದಿಲ್ಲ; ಆಗ ಆಜ್ಞೆಗಳ ನಡುವೆ ಸಾಕಷ್ಟು ಬಿಡುವು ಕೊಡುವ ಹೊಣೆ ಬಳಸುವವರ ಮೇಲೆ ಬೀಳುತ್ತದೆ.

೩. ಸಂಜ್ಞೆಗಳ ಗೊಂದಲ

ಅಕ್ಷರಗಳು ನಿರ್ದೋಷವಾಗಿ ತಲುಪಿದರೂ ಅವುಗಳ ಅರ್ಥವೇನೆಂಬ ಪ್ರಶ್ನೆ ಉಳಿಯುತ್ತದೆ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ೧೯೬೦ರ ದಶಕದ ಕೊನೆಯಲ್ಲಿ ತನ್ನ ಉಪಕರಣಗಳನ್ನು ಗಣಕಯಂತ್ರಕ್ಕೆ ಜೋಡಿಸಲು ಎಂಟು ತಂತಿಗಳಲ್ಲಿ ಎಂಟು ಬಿಟ್‌ಗಳನ್ನು ಏಕಕಾಲದಲ್ಲಿ ಕಳುಹಿಸುವ ಬೇರೊಂದು ಪದ್ಧತಿಯನ್ನು ರೂಪಿಸಿತ್ತು. ಇದು ೧೯೭೫ರಲ್ಲಿ ‘ಐಇಇಇ-೪೮೮’ ಎಂಬ ಹೆಸರಿನಿಂದ ಸಾರ್ವತ್ರಿಕ ನಿಯಮವಾಯಿತು. ಆದರೆ ಆರ್‌ಎಸ್-೨೩೨ ಆಗಲಿ ೧೯೭೫ರ ಈ ನಿಯಮವಾಗಲಿ ಗೊತ್ತುಪಡಿಸಿದುದು ತಂತಿಯ ಮೇಲಿನ ನಡವಳಿಕೆಯನ್ನು. ಯಾವ ಪದಕ್ಕೆ ಯಾವ ಅರ್ಥವೆಂಬುದನ್ನಲ್ಲ. ಅದನ್ನು ಪ್ರತಿಯೊಬ್ಬ ತಯಾರಕನೂ ತನಗೆ ತೋರಿದಂತೆ ಮಾಡಿಕೊಂಡನು.

ಇದರ ಪರಿಣಾಮವನ್ನು ಎರಡು ಉಪಕರಣಗಳ ಹೋಲಿಕೆಯಿಂದ ಕಾಣಬಹುದು. ಹ್ಯೂಲೆಟ್-ಪ್ಯಾಕರ್ಡಿನ ‘೩೪೭೮ಎ’ ಮತ್ತು ಫ್ಲೂಕ್ ಸಂಸ್ಥೆಯ ‘೮೮೪೦ಎ’ ಎಂಬವು ಒಂದೇ ಬಗೆಯ ಮಲ್ಟಿಮೀಟರುಗಳು. ಎರಡೂ ೧೯೮೦ರ ದಶಕದಲ್ಲಿ ಬಳಕೆಯಲ್ಲಿದ್ದವು. ಏಕಮುಖ ಒತ್ತಡವನ್ನು ಅಳೆಯಲು ಎರಡಕ್ಕೂ ‘ಎಫ್೧’ ಎಂಬುದೇ ಸಂಜ್ಞೆ. ಅಳತೆಯ ವ್ಯಾಪ್ತಿಯನ್ನು ಸೂಚಿಸಲು ಎರಡೂ ‘ಆರ್’ ಅಕ್ಷರವನ್ನೇ ಬಳಸುತ್ತವೆ. ಆದರೆ ‘ಆರ್೦’ ಎಂದರೆ ಮೊದಲನೆಯದರಲ್ಲಿ ೩ ವೋಲ್ಟಿನ ವ್ಯಾಪ್ತಿ; ಎರಡನೆಯದರಲ್ಲಿ ‘ವ್ಯಾಪ್ತಿಯನ್ನು ಯಂತ್ರವೇ ಆರಿಸಿಕೊಳ್ಳಲಿ’ ಎಂದರ್ಥ. ‘ಆರ್೨’ ಎಂದರೆ ಮೊದಲನೆಯದರಲ್ಲಿ ೩೦೦ ವೋಲ್ಟ್, ಎರಡನೆಯದರಲ್ಲಿ ೨ ವೋಲ್ಟ್. ಒಂದಕ್ಕೆಂದು ಬರೆದ ಆಜ್ಞಾಪಂಕ್ತಿಯನ್ನು ಮತ್ತೊಂದಕ್ಕೆ ಕಳುಹಿಸಿದರೆ ಯಂತ್ರ ಅದನ್ನು ತಪ್ಪೆನ್ನದೆ ಸ್ವೀಕರಿಸಿ, ಬೇರೆ ವ್ಯಾಪ್ತಿಯಲ್ಲಿ ಅಳೆಯಬಹುದು.

ಒಂದೇ ಅರ್ಥಕ್ಕೆ ಎರಡು ಶಾಸ್ತ್ರಗಳಲ್ಲಿ ಎರಡು ಸಂಜ್ಞೆಗಳಿರುವುದು ಅಪಾಯಕರವಲ್ಲ. ಪಾಣಿನಿಯಲ್ಲಿ ‘ಗುಣ’, ‘ವೃದ್ಧಿ’ ಎನಿಸುವವು ಜೈನೇಂದ್ರ ವ್ಯಾಕರಣದಲ್ಲಿ ‘ಏಪ್’, ‘ಐಪ್’ ಎನಿಸಿಕೊಳ್ಳುತ್ತವೆ. ಅರಿಯದವನು ನಿಲ್ಲುತ್ತಾನೆಯೇ ಹೊರತು ದಾರಿತಪ್ಪುವುದಿಲ್ಲ. ಒಂದೇ ಸಂಜ್ಞೆಗೆ ಎರಡು ಅರ್ಥಗಳಿದ್ದಾಗಲೇ ನಿಜವಾದ ಅಪಾಯ, ಏಕೆಂದರೆ ಓದು ಎಲ್ಲಿಯೂ ತಡೆಯದೆ ಸಾಗಿಹೋಗುತ್ತದೆ. ಹಳೆಯ ಮಾಪನದಾಖಲೆಯಲ್ಲಿ ‘ಎಫ್೧ಆರ್೨’ ಎಂಬ ಪಂಕ್ತಿ ಮಾತ್ರ ಉಳಿದು, ಉಪಕರಣದ ಹೆಸರು ಅಳಿದಿದ್ದರೆ, ಅದರ ಅರ್ಥವನ್ನು ಆ ಪಂಕ್ತಿಯಿಂದ ನಿರ್ಣಯಿಸಲು ಸಾಧ್ಯವಿಲ್ಲ.

ಈ ಗೊಂದಲವನ್ನು ನಿವಾರಿಸಲು ಎರಡು ಹಂತಗಳಲ್ಲಿ ಪ್ರಯತ್ನ ನಡೆಯಿತು. ೧೯೮೭ರ ‘ಐಇಇಇ-೪೮೮.೨’ ಎಂಬ ನಿಯಮ ಆಜ್ಞಾವಾಕ್ಯದ ರಚನೆಯನ್ನೂ ಎಲ್ಲ ಉಪಕರಣಗಳಿಗೂ ಸಮಾನವಾದ ಕೆಲವು ಆಜ್ಞೆಗಳನ್ನೂ ಗೊತ್ತುಪಡಿಸಿತು. ೧೯೯೦ರಲ್ಲಿ ಹಲವು ತಯಾರಕರು ಕೂಡಿ, ಹ್ಯೂಲೆಟ್-ಪ್ಯಾಕರ್ಡ್ ರೂಪಿಸಿಕೊಂಡಿದ್ದ ಭಾಷೆಯ ತಳಹದಿಯ ಮೇಲೆ, ಮಾಪನಕ್ಕೆ ಸಂಬಂಧಿಸಿದ ಪದಗಳನ್ನೇ ಏಕರೂಪಕ್ಕೆ ತಂದರು. ಇದಕ್ಕೆ ‘ಸ್ಟ್ಯಾಂಡರ್ಡ್ ಕಮ್ಯಾಂಡ್ಸ್ ಫಾರ್ ಪ್ರೋಗ್ರಾಮಬಲ್ ಇನ್‌ಸ್ಟ್ರುಮೆಂಟ್ಸ್’ ಎಂದು ಹೆಸರು. ಮೊದಲಕ್ಷರಗಳನ್ನು ಕೂಡಿಸಿ ‘ಸ್ಕಿಪಿ’ ಎನ್ನುತ್ತಾರೆ. ೧೯೯೯ರ ಆವೃತ್ತಿ ಇಂದಿಗೂ ಆಧಾರಭೂತವಾಗಿದೆ. ೩೪೪೦೧ಎ ಉಪಕರಣ ಐಇಇಇ-೪೮೮ ಜೋಡಣೆಯಲ್ಲಿ ಹೊಸ ಭಾಷೆಯೊಡನೆ ಮೇಲೆ ಹೇಳಿದ ಎರಡು ಹಳೆಯ ಭಾಷೆಗಳನ್ನೂ ಅರಿಯುತ್ತದೆ. ಸರಣಿತಂತಿಯ ಮೇಲೆ ಮಾತ್ರ ಸ್ಕಿಪಿಯೊಂದೇ ನಡೆಯುತ್ತದೆ.

೪. ಸ್ಕಿಪಿಯ ವ್ಯಾಕರಣ

ಈ ಭಾಷೆಯಲ್ಲಿ ಪ್ರತಿ ಪದಕ್ಕೂ ದೀರ್ಘ ಮತ್ತು ಲಘು ಎಂದು ಎರಡು ರೂಪಗಳುಂಟು. ಲಘುರೂಪವನ್ನು ಪಡೆಯುವ ನಿಯಮ ಸರಳವಾಗಿದೆ: ಪದದ ಮೊದಲ ನಾಲ್ಕು ಅಕ್ಷರಗಳನ್ನು ಉಳಿಸಬೇಕು, ನಾಲ್ಕನೆಯದು ಸ್ವರವಾಗಿದ್ದು ಪದ ಅದಕ್ಕಿಂತ ಉದ್ದವಾಗಿದ್ದರೆ ಮೂರನ್ನೇ ಉಳಿಸಬೇಕು. ‘ವೋಲ್ಟೇಜ್’ ಎಂಬುದರ ನಾಲ್ಕನೆಯ ರೋಮನ್ ಅಕ್ಷರ ‘ಟಿ’, ಅಂದರೆ ವ್ಯಂಜನ. ಆದ್ದರಿಂದ ಲಘುರೂಪ ‘ವೋಲ್ಟ್’. ರೋಧವನ್ನು ಹೇಳುವ ‘ರೆಸಿಸ್ಟೆನ್ಸ್’ ಎಂಬುದರ ನಾಲ್ಕನೆಯದು ‘ಐ’, ಅಂದರೆ ಸ್ವರ. ಆದ್ದರಿಂದ ಲಘುರೂಪ ‘ರೆಸ್’. ಈ ಎರಡು ರೂಪಗಳೇ ಸಾಧು. ನಡುವಣ ಯಾವ ರೂಪವೂ ಅಸಾಧು. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ.

ಪದಗಳು ಶಾಖೋಪಶಾಖೆಗಳಾಗಿ ಕೂಡಿರುತ್ತವೆ. ಶಾಖೆಯಿಂದ ಉಪಶಾಖೆಗೆ ಇಳಿಯುವುದನ್ನು ಜೋಡಿಬಿಂದು (:) ಸೂಚಿಸುತ್ತದೆ. ಆಜ್ಞೆಗೂ ಅದರ ಮೌಲ್ಯಕ್ಕೂ ನಡುವೆ ತೆರಪು, ಮೌಲ್ಯಗಳ ನಡುವೆ ಅಲ್ಪವಿರಾಮ. ವಾಕ್ಯದ ಕೊನೆಗೆ, ಆಸ್ಕಿಯಲ್ಲಿ ೧೦ ಎಂಬ ಸಂಖ್ಯೆಯುಳ್ಳ, ಕಣ್ಣಿಗೆ ಕಾಣದ ಪಂಕ್ತ್ಯಂತ್ಯದ ಚಿಹ್ನೆ ಇರಬೇಕು. ಅದು ಬರುವವರೆಗೆ ಯಂತ್ರ ವಾಕ್ಯ ಮುಗಿಯಿತೆಂದು ತಿಳಿಯದೆ ಕಾಯುತ್ತದೆ. ಪದದ ಕಡೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದು ಉತ್ತರವನ್ನು ಬೇಡುವ ಪ್ರಶ್ನೆ. ಇಲ್ಲದಿದ್ದರೆ ಮೌನವಾಗಿ ಪಾಲಿಸತಕ್ಕ ವಿಧಿ. ನಕ್ಷತ್ರಚಿಹ್ನೆಯಿಂದ ಆರಂಭವಾಗುವವು ೧೯೮೭ರ ನಿಯಮದ ಸಾಮಾನ್ಯ ಆಜ್ಞೆಗಳು.

ಇದರಲ್ಲಿ ವೈಯಾಕರಣರಿಗೆ ಪರಿಚಿತವಾದ ಒಂದು ಅಂಶವಿದೆ. ಅರ್ಧವಿರಾಮದಿಂದ (;) ಎರಡು ಆಜ್ಞೆಗಳನ್ನು ಕೂಡಿಸಿದಾಗ ಮೊದಲನೆಯದರ ಶಾಖಾಪದ ಎರಡನೆಯದಕ್ಕೂ ಅನುವೃತ್ತಿಯಾಗುತ್ತದೆ. ‘ಟ್ರಿಗ್:ಡೆಲ್ ೧;ಕೌನ್ ೧೦’ ಎಂಬ ಪಂಕ್ತಿಯಲ್ಲಿ ‘ಟ್ರಿಗ್’ ಎಂಬುದು ಮಾಪನವನ್ನು ಪ್ರಚೋದಿಸುವ ಶಾಖೆ; ‘ಡೆಲ್’ ವಿಳಂಬಕಾಲ; ‘ಕೌನ್’ ಎಣಿಕೆ. ‘ಕೌನ್’ ಎಂಬುದರ ಹಿಂದೆ ‘ಟ್ರಿಗ್’ ಎಂದು ಮತ್ತೆ ಹೇಳಿಲ್ಲ. ಅದು ಹಿಂದಿನಿಂದ ಬರುತ್ತದೆ. ಅನುವೃತ್ತಿಯನ್ನು ನಿಲ್ಲಿಸಬೇಕಾದರೆ ಮುಂದಿನ ಪದದ ಹಿಂದೆ ಜೋಡಿಬಿಂದುವನ್ನಿಟ್ಟು ಮೂಲದಿಂದ ಆರಂಭಿಸಬೇಕು. ಪ್ರತಿ ಪ್ರಚೋದನೆಗೂ ಐದು ಅಳತೆಗಳು ಬೇಕೆಂದರೆ ‘ಟ್ರಿಗ್:ಕೌನ್ ೧೦;:ಸ್ಯಾಂಪ್:ಕೌನ್ ೫’ ಎಂದು ಬರೆಯಬೇಕು. ಆ ಒಂದು ಜೋಡಿಬಿಂದು ಬಿಟ್ಟುಹೋದರೆ ಯಂತ್ರ ‘ಟ್ರಿಗ್:ಸ್ಯಾಂಪ್:ಕೌನ್’ ಎಂಬ, ಎಲ್ಲಿಯೂ ಇಲ್ಲದ ಆಜ್ಞೆಯನ್ನು ಹುಡುಕಿ, ದೋಷವೆಂದು ಗುರುತಿಸಿ ಅದನ್ನು ಕೈಬಿಡುತ್ತದೆ. ಅಲ್ಲಿಯವರೆಗೆ ಪ್ರತಿ ಪ್ರಚೋದನೆಗೂ ಒಂದೇ ಅಳತೆ ಎಂದಿದ್ದರೆ ಅದೇ ಮುಂದುವರಿಯುತ್ತದೆ. ಐವತ್ತರ ಬದಲು ಹತ್ತೇ ಅಳತೆಗಳು ಬರುತ್ತವೆ. ಬಂದ ಹತ್ತೂ ತಮ್ಮಷ್ಟಕ್ಕೆ ಸರಿಯಾಗಿಯೇ ಇರುವುದರಿಂದ, ಎಣಿಸದೆ ಸರಾಸರಿ ತೆಗೆದವರಿಗೆ ಈ ಲೋಪ ತಿಳಿಯುವುದಿಲ್ಲ.

೫. ಆಜ್ಞೆಗಳ ಕ್ರಮ: ಒಂದು ನಿದರ್ಶನ

ಮಾಪನವನ್ನು ಬೇಡುವ ಅತಿ ಸಂಕ್ಷಿಪ್ತ ಪ್ರಶ್ನೆ ‘ಮೆಷ್:ವೋಲ್ಟ್:ಡಿಸಿ?’ ಎಂಬುದು. ‘ಏಕಮುಖ ಒತ್ತಡ ಎಷ್ಟು?’ ಎಂದು ಇದರ ತಾತ್ಪರ್ಯ. ಆದರೆ ಈ ಒಂದು ಪ್ರಶ್ನೆಯೊಳಗೆ ಮೂರು ಕ್ರಿಯೆಗಳು ಅಡಗಿವೆ. ‘ಕಾನ್ಫ್’ ಎಂಬುದು ಯಂತ್ರವನ್ನು ಸಿದ್ಧಪಡಿಸುತ್ತದೆ, ‘ಇನಿಟ್’ ಎಂಬುದು ಅಳೆಯಲು ತೊಡಗಿಸುತ್ತದೆ, ‘ಫೆಚ್?’ ಎಂಬುದು ಅಳೆದುದನ್ನು ತಂದುಕೊಡುತ್ತದೆ. ಕೊನೆಯ ಎರಡನ್ನು ಕೂಡಿಸಿದರೆ ‘ರೀಡ್?’, ಮೂರನ್ನೂ ಕೂಡಿಸಿದರೆ ‘ಮೆಷ್?’. ಸಿದ್ಧಪಡಿಸುವ ಕ್ರಿಯೆಯಲ್ಲಿ ಯಂತ್ರವು ಹಲವು ವ್ಯವಸ್ಥೆಗಳನ್ನು ಪೂರ್ವನಿಶ್ಚಿತ ಸ್ಥಿತಿಗೆ ತಾನೇ ಒಯ್ಯುತ್ತದೆ. ಪ್ರಚೋದನೆ ಒಂದೇ, ಅಳತೆ ಒಂದೇ, ಗಣಿತಸಂಸ್ಕಾರ ಇಲ್ಲ, ಒಳರೋಧ ೧೦ ಮೆಗೋಮ್ ಎಂಬಿವು ಅವುಗಳಲ್ಲಿ ಸೇರಿವೆ.

ಕೊನೆಯದರ ಮಹತ್ತ್ವವನ್ನು ವಿವರಿಸಬೇಕಾಗಿದೆ. ಒತ್ತಡವನ್ನು ಅಳೆಯುವ ಉಪಕರಣವೂ ಅಳೆಯಲ್ಪಡುವ ವಸ್ತುವಿನಿಂದ ಅಲ್ಪ ಪ್ರವಾಹವನ್ನು ಸೆಳೆದುಕೊಳ್ಳುತ್ತದೆ. ವಸ್ತುವಿನ ಸ್ವಂತ ರೋಧ ಅಲ್ಪವಾಗಿದ್ದರೆ ಇದರಿಂದ ಬಾಧೆಯಿಲ್ಲ. ಅದು ೧ ಮೆಗೋಮ್ ಇದ್ದು, ನಿಜವಾದ ಒತ್ತಡ ೧ ವೋಲ್ಟ್ ಆಗಿದೆಯೆಂದು ಭಾವಿಸಲಿ. ಮಾಪಕದ ಒಳರೋಧ ೧೦ ಮೆಗೋಮ್ ಆಗಿದ್ದಾಗ ಒಟ್ಟು ರೋಧ ೧೧ ಮೆಗೋಮ್. ಅದರಲ್ಲಿ ಮಾಪಕದ ಪಾಲಿಗೆ ಬರುವುದು ಹನ್ನೊಂದರಲ್ಲಿ ಹತ್ತು ಭಾಗ. ಯಂತ್ರ ತೋರಿಸುವುದು ಸುಮಾರು ೦.೯೦೯ ವೋಲ್ಟ್. ನೂರಕ್ಕೆ ಒಂಬತ್ತರಷ್ಟು ಕೊರತೆ. ಅದೇ ಉಪಕರಣದಲ್ಲಿ ೧೦೦ ಮಿಲಿವೋಲ್ಟ್, ೧ ವೋಲ್ಟ್ ಮತ್ತು ೧೦ ವೋಲ್ಟ್ ವ್ಯಾಪ್ತಿಗಳಿಗೆ ಒಳರೋಧವನ್ನು ೧೦ ಗಿಗೋಮಿಗಿಂತ, ಅಂದರೆ ೧೦,೦೦೦ ಮೆಗೋಮಿಗಿಂತ, ಮೇಲಕ್ಕೆ ಏರಿಸುವ ‘ಇನ್ಪ್:ಇಂಪ್:ಆಟೋ ಆನ್’ ಎಂಬ ಆಜ್ಞೆಯಿದೆ. ಅದು ಜಾರಿಯಲ್ಲಿದ್ದರೆ ಇದೇ ಕಾರಣದಿಂದ ಬರುವ ಕೊರತೆ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ.

ಈಗ ಇಬ್ಬರು ಪ್ರಯೋಗಕಾರರನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯವನು ‘ಇನ್ಪ್:ಇಂಪ್:ಆಟೋ ಆನ್’ ಎಂದು ಕಳುಹಿಸಿ ಅನಂತರ ‘ಮೆಷ್:ವೋಲ್ಟ್:ಡಿಸಿ?’ ಎಂದು ಕೇಳುತ್ತಾನೆ. ಎರಡನೆಯವನು ‘ಕಾನ್ಫ್:ವೋಲ್ಟ್:ಡಿಸಿ’ ಎಂದು ಸಿದ್ಧಪಡಿಸಿ, ಆಮೇಲೆ ‘ಇನ್ಪ್:ಇಂಪ್:ಆಟೋ ಆನ್’ ಎಂದು ಕಳುಹಿಸಿ, ಕಡೆಗೆ ‘ರೀಡ್?’ ಎಂದು ಕೇಳುತ್ತಾನೆ. ಇಬ್ಬರೂ ಒಳರೋಧವನ್ನು ಏರಿಸುವ ಆಜ್ಞೆಯನ್ನು ಕೊಟ್ಟಿದ್ದಾರೆ. ಇಬ್ಬರ ವಾಕ್ಯಗಳೂ ವ್ಯಾಕರಣಶುದ್ಧ. ಯಂತ್ರವು ಯಾರಿಗೂ ದೋಷವನ್ನು ತಿಳಿಸುವುದಿಲ್ಲ. ಆದರೆ ಮೊದಲನೆಯವನ ಆಜ್ಞೆಯನ್ನು ಅನಂತರ ಬಂದ ‘ಮೆಷ್?’ ಅಳಿಸಿಹಾಕಿದೆ. ಅವನಿಗೆ ದೊರೆಯುವುದು ೦.೯೦೯, ಎರಡನೆಯವನಿಗೆ ಬಹುಮಟ್ಟಿಗೆ ೧. ‘ಒಳರೋಧವನ್ನು ಏರಿಸಿ ಅಳೆಯಲಾಯಿತು’ ಎಂದು ಇಬ್ಬರೂ ಪ್ರಾಮಾಣಿಕವಾಗಿಯೇ ಬರೆಯಬಲ್ಲರು. ಪರವಿಧಿಯು ಪೂರ್ವವಿಧಿಯನ್ನು ಬಾಧಿಸುವ ಈ ಸಂಗತಿ ದಾಖಲೆಯಲ್ಲಿ ಕಾಣಬೇಕಾದರೆ ಆಜ್ಞೆಗಳನ್ನು ಕಳುಹಿಸಿದ ಕ್ರಮದಲ್ಲೇ ಬರೆದಿಟ್ಟಿರಬೇಕು; ಅನ್ಯಮಾರ್ಗವಿಲ್ಲ.

೬. ಯಂತ್ರದ ಆತ್ಮನಿವೇದನೆ

ಇಂಥ ತೊಡಕುಗಳ ನಡುವೆಯೂ ವಿಚಾರಣೆಗೆ ನೆರವಾಗುವ ಕೆಲವು ಪ್ರಶ್ನೆಗಳು ಈ ಭಾಷೆಯಲ್ಲೇ ಇವೆ. ಅವುಗಳಲ್ಲಿ ಮೊದಲನೆಯದು ‘*ಐಡಿಎನ್?’. ಇದಕ್ಕೆ ಉಪಕರಣವು ಅಲ್ಪವಿರಾಮಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳ ಉತ್ತರ ಕೊಡುತ್ತದೆ: ತಯಾರಕನ ಹೆಸರು, ಮಾದರಿಯ ಹೆಸರು, ಕ್ರಮಸಂಖ್ಯೆ, ಒಳಗಿರುವ ಕಾರ್ಯವಿಧಾನದ ಆವೃತ್ತಿ. ಇದನ್ನು ಉಪಕರಣದ ಪುಷ್ಪಿಕೆಯೆಂದರೆ ತಪ್ಪಾಗದು. ೩೪೪೦೧ಎ ಮಾದರಿಯು ಕ್ರಮಸಂಖ್ಯೆಯ ಸ್ಥಾನದಲ್ಲಿ ಸೊನ್ನೆಯನ್ನೇ ಕೊಡುತ್ತದೆ. ಆದುದರಿಂದ ಒಂದೇ ಮಾದರಿಯ ಎರಡು ಉಪಕರಣಗಳಿರುವಲ್ಲಿ ಹಿಂಬದಿಯ ಫಲಕದ ಕ್ರಮಸಂಖ್ಯೆಯನ್ನು ಕೈಯಿಂದಲೇ ಬರೆದುಕೊಳ್ಳಬೇಕಾಗುತ್ತದೆ.

ಎರಡನೆಯದು ‘ಸಿಸ್ಟ್:ಎರ್?’. ಯಂತ್ರವು ಪಾಲಿಸಲಾರದ ಆಜ್ಞೆ ಬಂದಾಗ ಆ ದೋಷವನ್ನು ತನ್ನಲ್ಲಿ ಸಾಲಾಗಿ ಕೂಡಿಡುತ್ತದೆ. ಈ ಉಪಕರಣದಲ್ಲಿ ಇಪ್ಪತ್ತು ದೋಷಗಳವರೆಗೆ ಸ್ಥಳವಿದೆ. ಕೇಳಿದಾಗಲೆಲ್ಲ ಮೊದಲು ಬಂದುದನ್ನು ಮೊದಲು ಹೇಳುತ್ತ ಒಂದೊಂದಾಗಿ ಹೊರಗಿಡುತ್ತದೆ. ದೋಷವಿಲ್ಲದಿದ್ದರೆ ಸೊನ್ನೆ ಎನ್ನುತ್ತದೆ. ಹಿಂದೆ ಹೇಳಿದ ಬಿಟ್ಟುಹೋದ ಜೋಡಿಬಿಂದುವಿನ ದೋಷ ಇಲ್ಲಿ ಋಣ ೧೧೩ ಎಂಬ ಸಂಖ್ಯೆಯಿಂದ ಕಾಣಿಸಿಕೊಳ್ಳುತ್ತದೆ. ‘ಆಜ್ಞಾಪದ ಅಪರಿಚಿತ’ ಎಂದು ಅದರ ಅರ್ಥ. ಸರಣಿತಂತಿಯ ಮೇಲೆ ಆಜ್ಞೆಗಳನ್ನು ಕಳುಹಿಸುವ ಮೊದಲು ‘ಸಿಸ್ಟ್:ರೆಮ್’ ಎಂದು ಹೇಳಿ ಯಂತ್ರವನ್ನು ದೂರನಿಯಂತ್ರಣಕ್ಕೆ ಒಳಪಡಿಸಬೇಕೆಂಬ ನಿಯಮವನ್ನು ಮರೆತರೆ ೫೫೦ ಎಂಬ ದೋಷ ಬರುತ್ತದೆ. ಆದರೆ ಯಂತ್ರ ಇವನ್ನು ತಂತಿಯ ಮೇಲೆ ತಾನಾಗಿ ಹೇಳುವುದಿಲ್ಲ, ಕೇಳಬೇಕು. ಸರದಿಯನ್ನು ಬರಿದುಮಾಡುವ ‘*ಸಿಎಲ್‌ಎಸ್’ ಎಂಬ ಆಜ್ಞೆಯನ್ನು ಕೇಳುವ ಮೊದಲೇ ಕಳುಹಿಸಿದರೆ ಸಾಕ್ಷ್ಯ ಅಳಿದುಹೋಗುತ್ತದೆ.

ಮೂರನೆಯದು ಉತ್ತರದ ರೂಪಕ್ಕೆ ಸಂಬಂಧಿಸಿದ್ದು. ‘+೧.೨೫೦೦೦೦೦೦ಇ+೦೧’ ಎಂಬ ಉತ್ತರದಲ್ಲಿ ‘ಇ’ ಎಂಬುದರ ಮುಂದಿನ ಅಂಕೆ ಹತ್ತರ ಘಾತ. ಆದುದರಿಂದ ಇದರ ಬೆಲೆ ೧೨.೫. ಅಳೆಯಲ್ಪಡುವ ಒತ್ತಡ ವ್ಯಾಪ್ತಿಯನ್ನು ಮೀರಿದಾಗ ಯಂತ್ರ ೯.೯ನ್ನು ಹತ್ತರ ಮೂವತ್ತೇಳನೆಯ ಘಾತದಿಂದ ಗುಣಿಸಿದ ಸಂಖ್ಯೆಯನ್ನು ಕಳುಹಿಸುತ್ತದೆ. ಇದು ಅಳತೆಯಲ್ಲ, ‘ಅಳೆಯಲಾಗಲಿಲ್ಲ’ ಎಂಬುದಕ್ಕೆ ಸ್ಕಿಪಿಯಲ್ಲಿ ಇಟ್ಟ ಸಂಕೇತ. ಯಂತ್ರದ ಮುಖಫಲಕದಲ್ಲಿ ಈ ಸಂದರ್ಭದಲ್ಲಿ ಪದವೊಂದು ಕಾಣುವುದರಿಂದ ನೋಡುವವರಿಗೆ ತಿಳಿಯುತ್ತದೆ. ತಂತಿಯಲ್ಲಿ ಬರುವಾಗ ಅದೂ ಉಳಿದ ಅಂಕಿಗಳಂತೆಯೇ ಇರುತ್ತದೆ. ನೂರು ಅಳತೆಗಳಲ್ಲಿ ಒಂದು ಇಂಥದಾದರೂ ಸರಾಸರಿ ಅರ್ಥಹೀನವಾಗುತ್ತದೆ. ಸಂಖ್ಯೆಯ ಅಗಾಧತೆಯೇ ಇಲ್ಲಿ ರಕ್ಷಣೆ: ಗಮನವಿಟ್ಟು ನೋಡಿದವರ ಕಣ್ಣನ್ನು ಅದು ತಪ್ಪಿಸಲಾರದು.

೭. ಉಪಸಂಹಾರ

ಇಂದಿನ ಉಪಕರಣಗಳಲ್ಲಿ ಆರ್‌ಎಸ್-೨೩೨ರ ಸ್ಥಾನವನ್ನು ಬಹುಮಟ್ಟಿಗೆ ಯುಎಸ್‌ಬಿ ಮತ್ತು ಗಣಕಜಾಲದ ತಂತಿಗಳು ಪಡೆದಿವೆ. ಆದರೆ ಅವುಗಳ ಮೂಲಕ ಸಾಗುವ ಆಜ್ಞೆಗಳು ಬಹುತೇಕ ಸ್ಕಿಪಿಯವೇ. ‘ಮೆಷ್’, ‘ಕಾನ್ಫ್’, ‘ರೀಡ್’ಗಳ ಸಂಬಂಧವೂ, ಅನುವೃತ್ತಿಯ ನಿಯಮವೂ, ಕೇಳಿದಾಗ ಮಾತ್ರ ದೋಷವನ್ನು ಹೇಳುವ ಸ್ವಭಾವವೂ ಹಾಗೆಯೇ ಉಳಿದಿವೆ. ಹಸ್ತಪ್ರತಿಗಳ ಸಂರಕ್ಷಣೆಗೆ ಸಂಬಂಧಿಸಿದಂತೆ ಕೋಣೆಯ ಉಷ್ಣತೆ, ತೇವಾಂಶಗಳನ್ನು ವಿದ್ಯುನ್ಮಾನ ಉಪಕರಣಗಳಿಂದ ಅಳೆಯುವ ರೂಢಿ ಬೆಳೆದಿರುವುದರಿಂದ, ಯಂತ್ರದತ್ತವಾದ ಅಂಕಿಗಳ ಪಟ್ಟಿ ಗ್ರಂಥಭಂಡಾರಗಳವರ ಕೈಗೂ ಬರುತ್ತದೆ.

ಅಂಥ ಪಟ್ಟಿಯನ್ನು ಪ್ರಮಾಣವಾಗಿ ಸ್ವೀಕರಿಸಬೇಕಾದರೆ ಅದರೊಡನೆ ನಾಲ್ಕು ಸಂಗತಿಗಳು ದಾಖಲಾಗಿರಬೇಕು. ಉಪಕರಣದ ಗುರುತು, ಅಂದರೆ ‘*ಐಡಿಎನ್?’ ಪ್ರಶ್ನೆಯ ಉತ್ತರವೂ ಕ್ರಮಸಂಖ್ಯೆಯೂ. ತಂತಿಯ ವೇಗ, ಬಿಟ್‌ಗಳ ವ್ಯವಸ್ಥೆ. ಕಳುಹಿಸಿದ ಆಜ್ಞೆಗಳು, ಕಳುಹಿಸಿದ ಕ್ರಮದಲ್ಲೇ, ಅಕ್ಷರಶಃ. ಮಾಪನದ ಕೊನೆಯಲ್ಲಿ ದೋಷದ ಸರದಿಯನ್ನು ಕೇಳಿದಾಗ ಬಂದ ಉತ್ತರ. ಇವುಗಳಲ್ಲಿ ಮೂರನೆಯದನ್ನು ‘ಒತ್ತಡವನ್ನು ಅಳೆಯಲಾಯಿತು’ ಎಂಬ ಒಂದು ವಾಕ್ಯಕ್ಕೆ ಸಂಗ್ರಹಿಸಿ ಬರೆಯುವುದು ರೂಢಿಯಾಗಿದೆ. ಹಾಗೆ ಸಂಗ್ರಹಿಸಿದಲ್ಲಿ, ಮೇಲೆ ಕಂಡ ೦.೯೦೯ ಮತ್ತು ೧ ಎಂಬ ಎರಡು ಉತ್ತರಗಳಲ್ಲಿ ಯಾವುದು ಏಕೆ ಬಂದಿತೆಂಬುದನ್ನು ಮುಂದಿನವರು ನಿರ್ಣಯಿಸುವ ಮಾರ್ಗವೇ ಮುಚ್ಚಿಹೋಗುತ್ತದೆ. ಕೆಲವೇ ಪಂಕ್ತಿಗಳ ಆಜ್ಞಾಪಾಠವನ್ನು ಅಂಕಿಗಳ ಪಕ್ಕದಲ್ಲಿ ಉಳಿಸಿಕೊಂಡರೆ ಆ ನಿರ್ಣಯ ಯಾವ ಕಾಲದಲ್ಲಾದರೂ ಸಾಧ್ಯ.